ವಿಲಾಯತಿ ಸ್ವಾಮಿಯ ಎರಡನೇ ಮಗ್ಗಲು

ನನ್ನ ಹೆಸರು ಶಾಂತಪ್ಪ. ಶಾಂತಿ ಹೆಸರಿನಲ್ಲಷ್ಟೇ ಇದೆ. ೧೯೭೯ರಲ್ಲಿ ನಾನು ಸೋಲಾಪುರದ ವಿಜಾಪುರ ರಸ್ತೆಯ ಒಂದು ಸೌಂಡ್ ಸರ್ವಿಸ್ ಅಂಗಡಿಯಲ್ಲಿ ಆಪರೇಟರ್ ಆಗಿದ್ದೆ. ಆಪರೇಟರ್ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಮಶೀನು ಹೊರುವವನು ನಾನೇ. ಬ್ಯಾಟರಿ ಹೊರುವವನು ನಾನೇ. ಬೇವಿನ ಮರ ಹತ್ತಿ ಭೋಂಗಾ ಕಟ್ಟುವವನೂ ನಾನೇ. ತಗಡಿನ ಆ ಕಹಳೆಗೆ ನಮ್ಮ ಕಡೆ ಭೋಂಗಾ ಅನ್ನುತ್ತಾರೆ. ಗಿರಣಿಯ ಸೈರನ್ನಿಗೂ ಅದೇ ಹೆಸರು. ಮರದಿಂದ ಇಳಿದು, ಅಂಗೈಗೆ ಚುಚ್ಚಿದ ಸಿಬಿರು ಕಿತ್ತು, ಪ್ಯಾಂಟು ಕೊಡವಿ, ತಲೆ ಬಾಚಿಕೊಂಡು ಮೈಕಿನ ಮುಂದೆ ಕೂತರೆ ಆಗ ನಾನು ಆಪರೇಟರ್. ಆಗ ನನಗೆ ಕುರ್ಚಿ. ಕಪ್ಪು-ಬಸಿಯಲ್ಲಿ ಚಹಾ.

ಆ ಕುರ್ಚಿಗೂ ಕಪ್ಪಿಗೂ ಒಂದು ಕರಾರು ಇತ್ತು. ಮಾಲಕ ಸಾತಲಿಂಗಪ್ಪನವರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ದಿನವೇ ಹೇಳಿದ್ದರು.

"ನಾ ಜಾತಿ ಗೀತಿ ನೋಡಾಂವ ಅಲ್ಲಪಾ. ನೀನೂ ಯಾರ ಮುಂದೂ ಹೇಳಾಕ ಹೋಗಬ್ಯಾಡ. ಯಾರರ ಕೇಳಿದ್ರ ಮೈಂದರ್ಗಿಯಾಂವ ಅನ್ನು. ಮುಗೀತು."

ಉದಾರ ಮನುಷ್ಯರು. ಜಾತಿ ನೋಡುವುದಿಲ್ಲ, ಮುಚ್ಚಿಡುತ್ತಾರೆ ಅಷ್ಟೇ.

ನಾನು ಮೈಂದರ್ಗಿಯ ಹಲಗಿ ಬಸಣ್ಣನ ಮಗ. ಬಾರಿಸುವ ತೊಗಲಿನ ಹಲಗಿಯ ಪಟ್ಟಿ ತಿಕ್ಕಿ ತಿಕ್ಕಿ ಅಪ್ಪನ ಎಡ ಭುಜ ಎತ್ತಿನ ಹೆಗಲಿನಂತೆ ಗಡ್ಡೆಗಟ್ಟಿತ್ತು. ಮದುವೆ ಯಾರದ್ದೇ ಇರಲಿ, ಅಪ್ಪ ಮಂಟಪದ ಹೊರಗೆ. ಸತ್ತವರು ಯಾರೇ ಇರಲಿ, ಅಪ್ಪ ಹೆಣದ ಮುಂದೆ. ನೀರು ಬೇಕಾದರೆ ಯಾರಾದರೂ ಮೇಲಿನಿಂದ ಹೊಯ್ಯಬೇಕು, ಅಪ್ಪ ಬೊಗಸೆ ಒಡ್ಡಬೇಕು. ಹೊಯ್ಯುವವರಿಗೆ ಪುರಸೊತ್ತು ಇಲ್ಲದಿದ್ದರೆ ಅಪ್ಪನಿಗೆ ನೀರಡಿಕೆಯೂ ಇರಬಾರದು.

ಜನರ ಮುಂದೆ ನಾನು ಅಪ್ಪನನ್ನು ಅಪ್ಪ ಅನ್ನುತ್ತಿರಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅಪ್ಪನೇ ಕಲಿಸಿದ ಪಾಠ ಅದು. ದಾರಿಯಲ್ಲಿ ಎದುರಾದರೆ, "ನಮಸ್ಕಾರ್ರೀ ಆಪರೇಟರ್ ಸಾಹೇಬ್ರ!" ಅನ್ನುತ್ತಿದ್ದ. ಹಲ್ಲು ಕಿಸಿಯುತ್ತಿದ್ದ. ಯಾರೂ ನೋಡದಾಗ ಕಣ್ಣು ಹೊಡೆಯುತ್ತಿದ್ದ. ಅವನಿಗೆ ಅದು ನಾಟಕ. ನಾನು ನೆಲ ನೋಡುತ್ತ ದಾಟಿಹೋಗುತ್ತಿದ್ದೆ. ಒಂದು ಸಲ ಬಾಯಿತಪ್ಪಿ ಅಪ್ಪ ಅಂದರೆ ಕುರ್ಚಿ ಹೋಗುತ್ತದೆ, ಕೆಲಸ ಹೋಗುತ್ತದೆ, ಮನೆಯ ಜೋಳವೂ ಹೋಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು.

ಆ ವರ್ಷ ಮಾಲಕರು ಮುಂಬಯಿಯ ಹಳೇ ಸಾಮಾನಿನ ಬಜಾರದಿಂದ ಒಂದು ಗಂಟು ರಿಕಾರ್ಡು ತಂದರು. ಸಿನಿಮಾ ಹಾಡು, ಲಾವಣಿ, ಅಭಂಗ. ಅವುಗಳ ನಡುವೆ ಒಂದು ದೊಡ್ಡ ಫಾರೇನ್ ರಿಕಾರ್ಡು. ಕವರಿನ ಮೇಲೆ ಒಬ್ಬ ಕಪ್ಪು ಮನುಷ್ಯ. ನೆತ್ತಿಯಿಂದ ಸೊಂಟದವರೆಗೆ ಜಟೆ. ಕಣ್ಣು ಮುಚ್ಚಿದ್ದಾನೆ. ಸುತ್ತ ಹೊಗೆ. ನಮ್ಮ ಸೀಮೆಯಲ್ಲಿ ತಲೆಗೆ ಜಟೆ ಬಂತು ಅಂದರೆ ದೇವರು ಕರೆಯಿತು ಅಂತಲೇ ಅರ್ಥ. ಮಾಲಕರು ಎರಡೂ ಕೈ ಜೋಡಿಸಿದರು.

"ಯಾರೋ ದೊಡ್ಡ ಸ್ವಾಮಿಗೋಳು ಅದಾರ. ವಿಲಾಯತಿ ಸ್ವಾಮಿ! ನೋಡು, ಹೆಂಗ ಧ್ಯಾನಕ್ಕ ಕುಂತಾರ. ಧೂಪದ ಹೊಗಿ ನೋಡು."

ಹೊಗೆ ಧೂಪದ್ದಲ್ಲ ಅಂತ ನನಗೆ ಅನುಮಾನ ಬಂತು. ನಮ್ಮ ಕೇರಿಯ ಮುದುಕರೂ ಚಿಲುಮೆ ಸೇದಿ ಹಾಗೇ ಧ್ಯಾನ ಮಾಡುತ್ತಾರೆ. ಆದರೆ ಮಾಲಕರ ಭಕ್ತಿಗೆ ಅಡ್ಡ ಬರಲು ನಾನು ಯಾರು? ಅವರು ಕವರಿನ ಹಣೆಗೆ ಕುಂಕುಮ ಹಚ್ಚಿಯೂ ಆಗಿತ್ತು.

ಅಂಗಡಿಯ ಮೇಲಿನ ಖೋಲಿಯಲ್ಲಿ ದಾಮೋದರ ಅಂತ ಒಬ್ಬ ಕಾರಕೂನರಿದ್ದರು. ಇಂಗ್ಲಿಷ್ ಬಲ್ಲವರು. ಕವರಿನ ಹಿಂದಿನ ಸಣ್ಣ ಅಕ್ಷರ ಓದಿ ನಕ್ಕು ನಕ್ಕು ಕೆಮ್ಮಿದರು.

"ಅರೆ ಶಾಂತಪ್ಪಾ, ಇಂವ ಜಮೈಕಾದಾಂವ. ಸಮುದ್ರದಾಗಿನ ಊರು. ಇವರ ಮುತ್ತ್ಯಾಗಳನ್ನ ಹಡಗದಾಗ ತುಂಬಿ ಒಯ್ದು ಕಬ್ಬಿನ ಹೊಲದಾಗ ದುಡಿಸಿದ್ರು. ಕಾಲಿಗೆ ಬೇಡಿ ಹಾಕಿ. ಆ ಸಿಟ್ಟು ಹಾಡ್ಯಾನ ನೋಡು. ಹಸಿವಿ, ಪೊಲೀಸರ ಲಾಠಿ, ಮನಿ ಖಾಲಿ ಮಾಡಸೋ ಮಾಲಕರು, ಎಲ್ಲಾ ಅದ ಇದರಾಗ."

"ಮತ್ತ ಹಚ್ಚಿದಾಗೊಮ್ಮೆ ಜಾ ಜಾ ಅಂತಾನಲ್ರಿ?"

"ಅದು ಅವರ ದೇವರ ಹೆಸರು. ಜಾ ಅಂದ್ರ ಅವರ ದೇವರು."

ಮರಾಠಿಯಲ್ಲಿ ಜಾ ಅಂದರೆ ಹೋಗು. ತೊಲಗು. ಸೋಲಾಪುರದ ನಾಯಿಗೂ ಗೊತ್ತಿರುವ ಮಾತು. ನಾನು ಮಾಲಕರಿಗೆ ಅರ್ಧ ಮಾತ್ರ ಹೇಳಿದೆ. ಜಾ ಅಂದರೆ ದೇವರಂತೆ ಅಂದೆ. ಉಳಿದರ್ಧ ನಾಲಗೆಯ ಕೆಳಗೆ ಇಟ್ಟುಕೊಂಡೆ. ನನಗೂ ಒಂದಿಷ್ಟು ಮಜಾ ಬೇಡವೇ?

ದಾಮೋದರ ಇನ್ನೊಂದು ಸಂಗತಿ ಹೇಳಿದರು. ಆ ಊರಿನಲ್ಲಿ ಓಣಿ ಓಣಿಗೂ ಭೋಂಗಾ ಹಚ್ಚಿ ಕುಣಿಯುತ್ತಾರಂತೆ. ಅಲ್ಲಿಯ ಸಣ್ಣ ರಿಕಾರ್ಡುಗಳ ಎರಡನೇ ಮಗ್ಗಲಿನಲ್ಲಿ ಹಾಡೇ ಇರುವುದಿಲ್ಲ, ಬರೀ ತಾಳ; ನಮ್ಮ ಈ ದೊಡ್ಡದರ ಎರಡನೇ ಮಗ್ಗಲಿನ ಕೊನೆಯದೂ ಹಾಗೇ. ಆಪರೇಟರನೇ ಮೈಕು ಹಿಡಿದು ತಾಳದ ಮೇಲೆ ತನ್ನ ಮಾತು ಆಡುತ್ತಾನಂತೆ. ಊರಿನಲ್ಲಿ ಯಾರು ಏನು ಅನ್ಯಾಯ ಮಾಡಿದರು, ಎಲ್ಲ. ಜನ ಕುಣಿಯುತ್ತಲೇ ಕೇಳುತ್ತಾರಂತೆ.

"ಆಪರೇಟರನ?" ಅಂದೆ.

"ಹೂಂ, ಆಪರೇಟರನ."

ಅವತ್ತು ಮಶೀನು ಹೊರುವಾಗ ಭಾರವೇ ಅನ್ನಿಸಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ಹಲಗಿಗೆ ಹೊಸ ತೊಗಲು ಹಾಕಿಸಲು ಸೋಲಾಪುರಕ್ಕೆ ಬಂದಿದ್ದ. ಅಂಗಡಿಯ ಹಿಂದಿನ ಬಾಗಿಲಿಗೆ ಬಂದ. ಮಾಲಕರು ಇರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ರಿಕಾರ್ಡು ಹಚ್ಚಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದ. ಬೆರಳು ಮೊಣಕಾಲ ಮೇಲೆ ಕುಣಿಯತೊಡಗಿತು. ನಿಂತಿತು. ಮತ್ತೆ ಕುಣಿಯಿತು.

"ಮೊದಲನೇ ಪೆಟ್ಟು ನುಂಗತಾನಲೋ ಇಂವ!"

"ಹಂಗಂದ್ರ?"

"ನಾವು ಒಂದಕ್ಕ ಹೊಡೀತೀವಿ. ಇಂವ ಒಂದ ಬಿಟ್ಟು ಎರಡಕ್ಕ ಹೊಡೀತಾನ. ಮೊದಲನೇದು ನುಂಗತಾನ."

"ಯಾಕ ನುಂಗತಾನಪಾ?"

"ಹಸದಿರಬೇಕು," ಅಂದ ಅಪ್ಪ. ನಗಲಿಲ್ಲ. ಮತ್ತೆ ಹಚ್ಚು ಅಂದ. ನಾಲ್ಕು ಸಲ ಹಚ್ಚಿಸಿದ.

ಆ ಬೇಸಿಗೆಯಲ್ಲಿ ನವಿ ಪೇಠದ ಬಟ್ಟೆ ವ್ಯಾಪಾರಿ ಮಲಕಾಜಪ್ಪ ಶೇಟರ ಮಗಳ ಮದುವೆ. ಮದುವೆ ಅಕ್ಕಲಕೋಟೆಯಲ್ಲಿ, ಅವರ ಹಿರಿಯರ ವಾಡೆಯ ಮುಂದೆ. ಸೌಂಡು ನಮ್ಮದು. ಹಲಗಿ ಮೈಂದರ್ಗಿಯವರದು. ನಾನು ಬರುವುದಿಲ್ಲ, ಜ್ವರ ಬಂದಿದೆ ಅಂದೆ. ಮಾಲಕರು ಹಣೆ ಮುಟ್ಟಿ ನೋಡಿ ಮಶೀನು ಹೊರಿಸಿದರು.

ಬೆಳಗಿನಿಂದ ನಾನು ಬಂದವರ ಹೆಸರು ಕೂಗುತ್ತಿದ್ದೆ. ನಮ್ಮ ಕಡೆ ಮದುವೆಯಲ್ಲಿ ಹೆಸರು ಭೋಂಗಾದಲ್ಲಿ ಬರಲಿಲ್ಲ ಅಂದರೆ ಮನುಷ್ಯ ಬಂದೇ ಇಲ್ಲ. ಹೆಸರು ಕೇಳುವ ತನಕ ಗೇಟಿನಲ್ಲೇ ನಿಂತು ರುಮಾಲು ಸರಿಮಾಡಿಕೊಳ್ಳುವ ಸಾವುಕಾರರಿದ್ದರು. ಎರಡೆರಡು ಸಲ ಕೂಗಿಸಿಕೊಂಡವರೂ ಇದ್ದರು. ಗೇಟಿನ ಆಚೆ, ಬಿಸಿಲಿನಲ್ಲಿ, ಉಂಡೆಲೆ ಎಸೆಯುವ ಗುಂಡಿಯ ಪಕ್ಕ ಅಪ್ಪ ಮತ್ತು ಅವನ ಮೂವರು ಜೊತೆಗಾರರು ಹುಲ್ಲು ಉರಿಸಿ ಹಲಗಿ ಕಾಯಿಸುತ್ತಿದ್ದರು. ಅಪ್ಪ ನನ್ನ ಕಡೆ ನೋಡಿ ಕಣ್ಣು ಹೊಡೆದ. ನಾನು ಮಶೀನಿನ ಕಿವಿ ತಿರುಗಿಸಿದೆ.

ಶೇಟರ ಹೆಂಡತಿ ಕಸ್ತೂರಬಾಯಿಯವರು ತಾವೇ ಚಹಾ ತಂದು ಕೊಟ್ಟರು. ಒಳ್ಳೆಯ ಹೆಂಗಸು. ಕಪ್ಪು ಕೈಗಿಡುತ್ತ ಮೆಲ್ಲಗೆ ಕೇಳಿದರು.

"ನೀವು ಯಾರ ಪೈಕಿರಿ ತಮ್ಮಾ?"

"ಸೌಂಡ್ ಸರ್ವಿಸ್ ಪೈಕಿರಿ," ಅಂದೆ.

ಅವರು ಅದೂ ಒಂದು ಒಳಪಂಗಡ ಇರಬಹುದು ಅಂತ ತಲೆಯಾಡಿಸಿ ಹೋದರು.

ಬಿಸಿಲು ನೆತ್ತಿಗೆ ಬಂದಾಗ ಲಾತೂರಿನ ಬೀಗರ ಬಸ್ಸು ಬಂತು. ಮಲಕಾಜಪ್ಪ ಶೇಟರು ಓಡಿ ಬಂದರು.

"ನಿಮ್ಮ ಮಾಲಕರು ಹೇಳಿದ್ರಲ್ಲ, ಆ ವಿಲಾಯತಿ ಸ್ವಾಮಿ ಭಜನಿ ಹಚ್ಚು! ಬೀಗರು ಗೇಟಿನ್ಯಾಗ ಕಾಲಿಡೂದಕ್ಕ ಸ್ವಾಮಿ ನಾಮ ಕೇಳಬೇಕು. ಜೋರ ಹಚ್ಚು!"

ನಾನು ಮಾಲಕರ ಮುಖ ನೋಡಿದೆ. ಅವರು ಭಕ್ತಿಯಿಂದ ಕಣ್ಣು ಮುಚ್ಚಿದರು. ಹಚ್ಚಿದೆ. ಜೋರಾಗಿಯೇ ಹಚ್ಚಿದೆ.

ಬೀಗರು ಒಬ್ಬೊಬ್ಬರಾಗಿ ಇಳಿದರು. ಬೆಳ್ಳಿಯ ತಾಟು, ಬಾಸಿಂಗ, ಜರಿ ಪಟಗಾ. ಮದುಮಗನ ಸೋದರಮಾವ ಎಲ್ಲರಿಗಿಂತ ಮುಂದೆ. ಮೀಸೆಗೆ ಎಣ್ಣೆ. ಅವರು ಗೇಟಿನಲ್ಲಿ ಬಲಗಾಲು ಎತ್ತುವುದಕ್ಕೂ ಭೋಂಗಾ ಅವರ ನೆತ್ತಿಯ ಮೇಲೆ ಕೂಗುವುದಕ್ಕೂ ಸರಿಹೋಯಿತು.

"ಜಾ! ಜಾ! ಜಾ!"

ಎತ್ತಿದ ಕಾಲು ಅಲ್ಲೇ ನಿಂತಿತು.

"ಕಾಯ್ ಹೋ?" ಅಂತ ಸೋದರಮಾವ ಮರಾಠಿಯಲ್ಲಿ ಗುಡುಗಿದರು. "ದಾರಾತ್ ಉಭೆ ಕರೂನ್ ಆಮ್ಹಾಲಾ ಜಾ ಮ್ಹಣತಾ?" ಬಾಗಿಲಲ್ಲಿ ನಿಲ್ಲಿಸಿ ನಮಗೆ ಹೋಗು ಅಂತೀರಾ ಅಂತ.

"ಇಲ್ರೀ ಬೀಗ್ರ, ಸ್ವಾಮಿ ಭಜನಿರೀ ಅದು!" ಅಂದರು ಶೇಟರು.

"ಜಾ! ಜಾ!" ಅಂದ ಸ್ವಾಮಿ.

ಸೋದರಮಾವ ತಿರುಗಿ ಬಸ್ಸು ಹತ್ತಿದರು. ಅವರ ಹಿಂದೆ ಅತ್ತೆಯರು ಹತ್ತಿದರು. ಬೆಳ್ಳಿಯ ತಾಟು ಹತ್ತಿತು. ಮದುಮಗ ಪಾಪ ಒಂದು ಕಾಲು ಬಸ್ಸಿನಲ್ಲಿ, ಒಂದು ಕಾಲು ಅಕ್ಕಲಕೋಟೆಯಲ್ಲಿ ಇಟ್ಟುಕೊಂಡು ನಿಂತ. ಗೇಟಿನಾಚೆ ನಮ್ಮ ಹಲಗಿಯವರು ಮುಖಕ್ಕೆ ವಸ್ತ್ರ ಅಡ್ಡ ಹಿಡಿದು ಅಲುಗಾಡುತ್ತಿದ್ದರು. ಅಪ್ಪ ಮಾತ್ರ ವಸ್ತ್ರ ಹಿಡಿಯಲಿಲ್ಲ. ಬಾಯ್ತುಂಬ ನಕ್ಕ.

ನಾನೂ ನಕ್ಕೆ. ಆಮೇಲೆ ನಗು ಹೊರಟುಹೋಯಿತು. ಅರ್ಧ ನಿಮಿಷ ಒಂದು ತಗಡು ಜಾ ಅಂದದ್ದಕ್ಕೆ ಇವರ ಮರ್ಯಾದೆ ಬಸ್ಸು ಹತ್ತಿತು. ನಮಗೆ ಹುಟ್ಟಿದಾಗಿನಿಂದ ಅಂದಿದ್ದಾರೆ. ಬಾವಿಯಿಂದ ಜಾ. ಹೋಟೆಲಿನ ಬಾಕಿನಿಂದ ಜಾ. ಗುಡಿಯ ಮೆಟ್ಟಿಲಿನಿಂದ ಜಾ. ನಾವು ಯಾವ ಬಸ್ಸು ಹತ್ತಬೇಕಿತ್ತು?

ರಿಕಾರ್ಡು ನಿಲ್ಲಿಸಿದರು. ಬೀಗರ ಸಿಟ್ಟು ಇಳಿಸಬೇಕಿತ್ತು. ಅದಕ್ಕೆ ಹಲಗಿ ಬೇಕಾಯಿತು.

"ಏ ಹಲಗಿಯವ್ರ, ಹೊಡೀರಿ! ಬೀಗರು ಇಳಿಯೂತನಾ ನಿಲ್ಲಸಬ್ಯಾಡ್ರಿ!" ಅಂತ ಶೇಟರು ಕೂಗಿದರು.

ಅಪ್ಪ ಹೊಡೆದ. ಬಸ್ಸಿನ ಬಾಗಿಲ ಮುಂದೆ ನಿಂತು ಹೊಡೆದ. ಮಂಡಿಯೂರಿ ಹೊಡೆದ. ಹಲಗಿಯನ್ನು ಗಾಳಿಗೆ ಎಸೆದು ಹಿಡಿದು ಹೊಡೆದ. ಕಾದ ಮಣ್ಣಿನ ಮೇಲೆ ಬರಿಗಾಲು. ವಯಸ್ಸು ಅರವತ್ತರ ಹತ್ತಿರ. ಒಂದು ತಾಸು ಹೊಡೆದ. ಮೊದಲು ಅತ್ತೆಯರು ಕಿಟಕಿಯಿಂದ ಇಣುಕಿದರು. ಆಮೇಲೆ ಮದುಮಗನ ಇನ್ನೊಂದು ಕಾಲೂ ಕೆಳಗೆ ಬಂತು. ಕೊನೆಗೆ ಸೋದರಮಾವನ ಮೀಸೆ ಕುಣಿಯಿತು. ಅವರು ಇಳಿದರು. ಒಳಗೆ ಬಂದರು. ಶರಬತ್ತು ಕುಡಿದರು. ಮದುವೆ ಉಳಿಯಿತು.

ಉಳಿಸಿದವನ ಬಾಯಿ ಒಣಗಿತ್ತು. ತುಟಿಯ ಮೂಲೆಯಲ್ಲಿ ಬಿಳಿ ನೊರೆ ಕೂತಿತ್ತು.

"ನೀರ ಹಾಕ್ರೀ ಯಾರರ," ಅಂದ ಅಪ್ಪ. ಯಾರೂ ನೋಡಲಿಲ್ಲ. ಎಲ್ಲರಿಗೂ ಬೀಗರ ಕೆಲಸ. "ನೀರ್ರೀ..." ಅಂದ ಇನ್ನೊಮ್ಮೆ. ಗೇಟಿನ ಒಳಗೆ, ನಾಲ್ಕು ಹೆಜ್ಜೆ ದೂರದಲ್ಲಿ, ಮಂದಿಗಾಗಿ ನೀರಿನ ಹರವಿ ಇಟ್ಟಿದ್ದರು. ಒದ್ದೆ ಬಟ್ಟೆ ಸುತ್ತಿದ ದೊಡ್ಡ ಹರವಿ. ಮೇಲೆ ಸ್ಟೀಲಿನ ಗ್ಲಾಸು.

ಅಪ್ಪ ಹರವಿ ನೋಡಿದ. ಗೇಟು ನೋಡಿದ. ಒಳಗೆ ಬಂದ.

ಗ್ಲಾಸಿಗೆ ನೀರು ತುಂಬಿದ. ಬಾಯಿಗೆ ಮುಟ್ಟಿಸುವಷ್ಟರಲ್ಲಿ ಸೋದರಮಾವ ಕೈಯ ಮೇಲೆ ಹೊಡೆದರು. ಗ್ಲಾಸು ಹಾರಿ ನನ್ನ ಮಶೀನಿನ ಕಾಲಿಗೆ ಬಡಿಯಿತು. ನೀರು ಅಪ್ಪನ ಎದೆಯ ಮೇಲೆ ಚೆಲ್ಲಿತು. ಅಪ್ಪ ನಾಲಗೆ ಚಾಚಿ ತುಟಿ ಒರೆಸಿಕೊಂಡ. ಅದನ್ನು ನಾನು ನೋಡಿದೆ. ನೋಡಬಾರದಿತ್ತು.

"ಶೇಟಜೀ, ಹಲಗಿಯವರಿಗೂ ನಮಗೂ ಒಂದ ಹರವಿ ಇಟ್ಟೀರೇನು?" ಅಂದರು ಸೋದರಮಾವ. ಈಗ ಅವರಿಗೆ ಕನ್ನಡವೂ ಬಂತು.

ಮಲಕಾಜಪ್ಪ ಶೇಟರ ಮುಖ ಕಪ್ಪಿಟ್ಟಿತು. ಅಪ್ಪನ ಕಡೆ ಅವರು ನೋಡಲೂ ಇಲ್ಲ. ನೇರ ನನ್ನ ಹತ್ತಿರ ಬಂದರು.

"ಆಪರೇಟರ್, ಮೈಕಿನ್ಯಾಗ ಸೂಚನಾ ಹೇಳು. ಹಲಗಿಯವರು ಗೇಟಿನ ಹೊರಗ ಇರಬೇಕು. ಹರವಿ ಮುಟ್ಟಬಾರದು. ಮೂರ ಸಲ ಹೇಳು. ಬೀಗರಿಗೆ ಕೇಳಬೇಕು."

ಮಾಲಕರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಕುರ್ಚಿಯ ಹಿಂಬದಿ ಹಿಡಿದುಕೊಂಡರು.

"ಹೇಳಿಬಿಡು ಶಾಂತಪ್ಪಾ," ಅಂದರು ಮೆತ್ತಗೆ. "ಬರೇ ಬಾಯಿಮಾತು. ಕೆಲಸ ಮೊದಲ."

ಅಪ್ಪನೂ ಅದನ್ನೇ ಹೇಳಿದ. ದೂರದಿಂದಲೇ, ಕಣ್ಣಿನಲ್ಲಿ. ಹೇಳು, ನಾ ಹೊರಗ ಹೋಗತೀನಿ. ನನ್ನ ನೋಡಬ್ಯಾಡ.

ಮೈಕಿನ ಗುಂಡಿ ಒತ್ತಿದೆ. ಭೋಂಗಾ ಕೀ ಅಂತ ಕೂಗಿತು. ಮಂಟಪ ಸುಮ್ಮನಾಯಿತು. ಬಾಯಿ ತೆರೆದೆ. ಬೆಳಗಿನಿಂದ ಊರಿನ ಹೊಟ್ಟೆಬಾಕರ ಹೆಸರೆಲ್ಲ ಕೂಗಿದ ಬಾಯಿ ಅದು. ಅಪ್ಪನಿಗೆ ಹೊರಗೆ ಹೋಗು ಅನ್ನಲು ತಿರುಗಲಿಲ್ಲ. ಅನ್ನುವುದಿಲ್ಲ ಅಂದುಕೊಂಡೆ. ಹೋಗಲಿ ಕುರ್ಚಿ.

ರಿಕಾರ್ಡು ಎತ್ತಿ ಮಗ್ಗಲು ಬದಲಿಸಿದೆ. ಕೊನೆಯ ಹಾಡಿಗೆ ಮುಳ್ಳು ಇಟ್ಟೆ. ಮಾತಿಲ್ಲದ್ದು. ಬರೀ ತಾಳ. ಭೋಂಗಾದ ಹೊಟ್ಟೆಯೊಳಗಿಂದ ಅದು ಧುಂ ಅಂತ ಎದ್ದು ಬಂತು. ನಾನು ಮೈಕು ಕೈಗೆ ತೆಗೆದುಕೊಂಡೆ.

"ಸೂಚನಾ ಕೇಳ್ರಿ, ಸೂಚನಾ!
ಹರವಿ ಮುಂದೊಬ್ಬ ನಿಂತಾನ,
ತಾಸಗಟ್ಟಲೆ ಬಾರಿಸ್ಯಾನ,
ಬೀಗರ ಸಿಟ್ಟು ಇಳಿಸ್ಯಾನ,
ತನ್ನ ನೀರಡಿಕಿ ನುಂಗ್ಯಾನ!
ಮುಟ್ಟಬ್ಯಾಡಂತ ಹೇಳಂತೀರಿ,
ನಾ ಯಾರಂತ ತಿಳದೀರಿ?
ಕುರ್ಚಿ ಕೊಟ್ಟೀರಿ, ಕಪ್ಪ ಕೊಟ್ಟೀರಿ,
ಯಾರ ಪೈಕಿ ಅಂತ ಕೇಳೀರಿ.
ಹಲಗಿ ಬಸಣ್ಣನ ಪೈಕಿರೀ!
ಮೈಂದರ್ಗಿ ಬಸಣ್ಣ ನಮ್ಮಪ್ಪರೀ!"

ಇದನ್ನು ನಾನು ಬರೆದುಕೊಂಡಿರಲಿಲ್ಲ. ಬಾಯಿಗೆ ಬಂದದ್ದು. ತಾಳವೇ ಕತ್ತು ಹಿಡಿದು ಹೊರಗೆ ದಬ್ಬಿತು.

ಕಸ್ತೂರಬಾಯಿಯವರು ಕೈ ಬಾಯಿಗೆ ಒತ್ತಿಕೊಂಡರು. ಬೆಳಿಗ್ಗೆ ಕೊಟ್ಟ ಕಪ್ಪು ನೆನಪಾಗಿರಬೇಕು. ಶೇಟರು "ಬಂದ್ ಕರ! ಬಂದ್ ಕರ! ನಿಲ್ಲಸೋ!" ಅಂತ ಕುಣಿದರು. ತಾಳಕ್ಕೆ ಸರಿಯಾಗಿಯೇ ಕುಣಿದರು. ಜಾತಿ ನೋಡದ ನಮ್ಮ ಮಾಲಕರು ಬಗ್ಗಿ ವೈರು ಹುಡುಕುತ್ತಿದ್ದರು.

ಅಷ್ಟರಲ್ಲಿ ಹಲಗಿ ನುಡಿಯಿತು. ಒಂದೇ ಪೆಟ್ಟು.

ರಿಕಾರ್ಡಿನವನು ನುಂಗಿದ ಜಾಗದಲ್ಲೇ ಬಿತ್ತು. ಅಪ್ಪ ಹರವಿಯ ಪಕ್ಕದಿಂದ ಅಲುಗಿರಲಿಲ್ಲ. ಹಲಗಿ ಎದೆಗೆ ಏರಿಸಿಕೊಂಡಿದ್ದ. ಒಂದಕ್ಕೆ ಅಪ್ಪ, ಎರಡಕ್ಕೆ ಜಮೈಕಾ. ಒಂದಕ್ಕೆ ಅಪ್ಪ, ಎರಡಕ್ಕೆ ಜಮೈಕಾ. ಹೊರಗಿದ್ದ ಮೂವರು ಒಬ್ಬರ ಮುಖ ಒಬ್ಬರು ನೋಡಿದರು. ಗೇಟು ದಾಟಿ ಬಂದರು. ಹರವಿಯ ಸುತ್ತ ನಿಂತು ಹೊಡೆಯತೊಡಗಿದರು. ಮದುಮಗನ ಕಾಲು, ಅದೇ ಎಲ್ಲೂ ನಿಲ್ಲದ ಕಾಲು, ಮಂಟಪದಲ್ಲಿ ಸಣ್ಣಗೆ ತಾಳ ಹಾಕುತ್ತಿತ್ತು. ಅವನಮ್ಮ ಅವನ ತೊಡೆಯ ಮೇಲೆ ಕೈಯಿಟ್ಟು ಅದುಮಿದಳು.

ಮಾಲಕರಿಗೆ ವೈರು ಸಿಕ್ಕಿತು. ಕಿತ್ತರು. ಜಮೈಕಾ ಸತ್ತಿತು. ಮೈಕು ಸತ್ತಿತು.

"ನಾಳಿಂದ ಅಂಗಡಿ ಕಡೆ ಬರಬ್ಯಾಡ," ಅಂದರು. ಧ್ವನಿಯಲ್ಲಿ ಸಿಟ್ಟಿಗಿಂತ ನೋವೇ ಇತ್ತು, ಅವರ ಔದಾರ್ಯಕ್ಕೆ ನಾನು ದ್ರೋಹ ಮಾಡಿದಂತೆ. "ಎಲ್ಲಾ ಚಲೋ ನಡದಿತ್ತಲ್ಲೋ."

"ನಿಮಗ ಚಲೋ ನಡದಿತ್ತರಿ," ಅಂದೆ.

ಹಲಗಿಗೆ ವೈರು ಇರಲಿಲ್ಲ. ಅದು ನಡೆದೇ ಇತ್ತು. ಶೇಟರ ಕಡೆಯ ಇಬ್ಬರು ಮುಂದೆ ಬಂದರು. ನಾಲ್ಕು ಹಲಗಿಯ ಸದ್ದಿಗೆ, ಹೊಡೆಯುವವರ ಕೋಲಿಗೆ, ಅಲ್ಲೇ ನಿಂತರು. ಮುಹೂರ್ತ ಬೇರೆ ಹತ್ತಿರ ಬಂದಿತ್ತು. ಜಗಳವಾದರೆ ಸೋದರಮಾವ ಮತ್ತೆ ಬಸ್ಸು ಹತ್ತುತ್ತಾರೆ ಅನ್ನುವ ಭಯ ಶೇಟರಿಗೆ. ಅವರು ಹಲ್ಲು ಕಚ್ಚಿ ನಿಂತರು.

ಅಪ್ಪ ಹೊಡೆಯುವುದು ನಿಲ್ಲಿಸಿದ. ಉಳಿದ ಮೂವರು ನಿಲ್ಲಿಸಲಿಲ್ಲ. ಅಪ್ಪ ನಿಧಾನವಾಗಿ ನನ್ನ ಮಶೀನಿನ ಹತ್ತಿರ ಬಂದು ಬಿದ್ದಿದ್ದ ಗ್ಲಾಸು ಎತ್ತಿದ. ಮಣ್ಣು ಒರೆಸಿದ. ಹರವಿಗೆ ಅದ್ದಿದ. ತುಂಬಿದ ಗ್ಲಾಸು ತುಟಿಯ ಹತ್ತಿರ ತಂದು ಅಲ್ಲೇ ತಡೆದ. ನನ್ನ ಕಡೆ ತಿರುಗಿದ. ಹುಬ್ಬು ಗಂಟಿಕ್ಕಿದ್ದ.

"ಏ ಶಾಂತ್ಯಾ! ಮುಂಜಾನಿಂದ ಕಂಡಕಂಡವರ ಹೆಸರಿಗೆಲ್ಲಾ ಶ್ರೀ ಹಚ್ಚಿ ಒದರಿದಿ. ನನಗ ಬರೇ ಬಸಣ್ಣ ಏನಲೇ?"

ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. ಮೈಕು ಬೇಕಾಗಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ.

"ಸೂಚನಾ! ಮೈಂದರ್ಗಿಯ ಶ್ರೀ ಬಸಣ್ಣನವರು ಈಗ ನೀರು ಕುಡಿಯುತ್ತಾರೆ!"

ಅಪ್ಪ ತುಟಿ ಹಚ್ಚಿ ಕುಡಿದ. ಪೂರ್ತಿ ಕುಡಿದ. ಆಮೇಲೆ ಇನ್ನೊಂದು ಗ್ಲಾಸು ತುಂಬಿದ.